ನೀರಿಟ್ಟ ಮೇಲೆ ಆರ್ಡರ್

ಕೋಪರಖೈರಣೆಯ ಉಡುಪಿ ಹೋಟೆಲಿನಲ್ಲಿ ಮುಂಡಪ್ಪ ಸಪ್ಲಾಯರ್ ಆಗಿದ್ದ ಮೂವತ್ತೆಂಟು ವರ್ಷವೂ ಅಡುಗೆಮನೆಗೆ ಚೀಟಿ ಎಂಬುದು ಹೋದದ್ದಿಲ್ಲ. ಅವನು ನಡುಮನೆಯಲ್ಲಿ ನಿಂತು "ಎರಡು ಮಸಾಲೆ, ಒಂದು ಸಾದಾ, ಮೂರು ಕಾಪಿ, ಒಂದಕ್ಕೆ ಸಕ್ಕರೆ ಇಲ್ಲ!" ಎಂದು ಕೂಗಿದರೆ ಸಾಕಿತ್ತು. ಆ ಕೂಗಿಗೆ ದೂರದ ಠಾಣೆ ಊರಿನ ಯಾವುದೋ ಹೋಟೆಲಿನ ದೋಸೆಕಾವಲಿ ತಾನಾಗಿ ಕಾಯುತ್ತಿತ್ತು. ವಾಶಿ ಸೇತುವೆ ದಾಟುತ್ತಿದ್ದ ಲೋಕಲ್ ಗಾಡಿ, ಸಿಗ್ನಲ್ ಬಿತ್ತೆಂದು ಬ್ರೇಕ್ ಹಾಕುತ್ತಿತ್ತು. ನಂಬದವರು ನಂಬುವುದು ಬೇಡ. ಮೋಟರ್‌ಮನ್ ನಂಬಿದ್ದ, ಅಷ್ಟು ಸಾಕು.

ಮುಂಡಪ್ಪನಿಗೆ ಶಾಲೆಯಲ್ಲಿ ಕಲಿತದ್ದು ಒಂದೂ ನೆನಪಿಲ್ಲ, ಹೋಟೆಲಿನಲ್ಲಿ ಕಲಿತ ಕಾನೂನು ಎರಡು ನೆನಪಿವೆ. ಒಂದನೆಯದು, ಬಂದವರ ಮುಂದೆ ಮೊದಲು ನೀರು ಇಡಬೇಕು; ನೀರಿಟ್ಟ ಮೇಲೆ ಆರ್ಡರ್ ತೆಗೆದುಕೊಳ್ಳಲೇಬೇಕು. ಎರಡನೆಯದು, ಕೂಗಿದ ಆರ್ಡರನ್ನು ಅಡುಗೆಮನೆ ಕೇಳಲಿಲ್ಲ ಅನ್ನುವಂತಿಲ್ಲ.

ಎರಡು ವರ್ಷದ ಹಿಂದೆ ಧಣಿಗಳು ಹುಡುಗರ ಕೈಗೆ ಟ್ಯಾಬ್ ಕೊಟ್ಟರು. "ಮುಂಡಪ್ಪಣ್ಣ, ಇನ್ನು ಕೂಗುವುದು ಬೇಡ. ಬಟನ್ ಒತ್ತಿದರೆ ಆಯ್ತು. ನೀವು ಗಲ್ಲಾದ ಹತ್ತಿರ ಆರಾಮ ಕೂತ್ಕೊಳ್ಳಿ." ಅಂದಿನಿಂದ ಮುಂಡಪ್ಪ ತನ್ನ ಸ್ವರವನ್ನು ಮಡಚಿ, ನುಸಿಗುಳಿಗೆ ಹಾಕಿ, ಟ್ರಂಕಿನಲ್ಲಿಟ್ಟಿದ್ದ.

ಅದನ್ನು ಹೊರಗೆ ತೆಗೆಸಿದವಳು ಚಂಪಾ.

ಚಂಪಾ ಅದೇ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಾತ್ರೆ ತೊಳೆಯುವವಳು. ದೋಸೆಭಟ್ಟಿಯಲ್ಲಿದ್ದು ತೀರಿಹೋದ ಚೆನ್ನಯನ ಹೆಂಡತಿ. ಅವಳು ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಖಾರಘರದ ಗುಡ್ಡ ಅದರ ನೆರಳಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿತ್ತು. ಅಷ್ಟು ತೊಳೆದ ಮೇಲೆ ಬೆರಳಿನಲ್ಲಿ ಗೆರೆ ಉಳಿಯುವುದುಂಟೆ? ಒಂದೊಂದಾಗಿ ಮೋರಿಯಲ್ಲಿ ಇಳಿದು ಸಮುದ್ರದ ಖಾಡಿ ಸೇರಿದ್ದವು. ರೇಷನ್ ಅಂಗಡಿಯ ಮೆಷಿನ್ ಅವಳ ಹೆಬ್ಬೆಟ್ಟು ಕಂಡರೆ ಸಾಕು, ಕೆಂಪು ದೀಪ ಹಚ್ಚುತ್ತಿತ್ತು. ಅಂಗಡಿಯವನು ರೇಷನ್ ಕಚೇರಿಗೆ ಕಳಿಸಿದ. ಕಚೇರಿಯವರು ಆಧಾರ್ ಕೇಂದ್ರಕ್ಕೆ ಕಳಿಸಿದರು. ಕೇಂದ್ರದವನು, "ಹದಿನೈದು ದಿನ ಪಾತ್ರೆ ಮುಟ್ಟಬೇಡಿ, ಗೆರೆ ಬರುತ್ತದೆ" ಎಂದು ವಾಪಸು ಕಳಿಸಿದ.

"ಹದಿನೈದು ದಿನ ಪಾತ್ರೆ ಮುಟ್ಟದಿದ್ದರೆ ಗೆರೆ ಬರ್ತದೆ ಮುಂಡಪ್ಪಣ್ಣ, ಅನ್ನ ಬರುವುದಿಲ್ಲ" ಅಂದಳು ಚಂಪಾ. "ಮೂರು ತಿಂಗಳಾಯ್ತು ಅಕ್ಕಿ ಸಿಗದೆ. ಈ ತಿಂಗಳ ಕೊನೆಗೆ ಕಾರ್ಡಿನಿಂದ ಹೆಸರೇ ತೆಗಿತಾರಂತೆ."

"ತೆಗಿಲಿಕ್ಕೆ ಅದೆಂತ ಅವರು ಇಟ್ಟ ಹೆಸರಾ? ನಡಿ ಮಾರಾಯ್ತಿ, ನೋಡುವ."

ಮಂಗಳವಾರ ಇಬ್ಬರೂ ರೇಷನ್ ಕಚೇರಿಗೆ ಹೋದರು. ಒಂದು ಬೆಂಚು, ಮೂವತ್ತು ಚಿಲ್ಲರೆ ಜನ. ಬೆಂಚಿನ ಮೇಲೆ ಫೈಲುಗಳು ಕಾಲು ಚಾಚಿ ಮಲಗಿದ್ದವು, ಜನ ನಿಂತಿದ್ದರು. ಮೇಜಿನ ಹಿಂದೆ ಸಾಹೇಬರು. ಅವರ ಬಗಲಲ್ಲಿ ಒಂದು ಜಗ್ಗು ನೀರು, ಚಹಾದ ಕಾಗದದ ಕಪ್ಪುಗಳು, ಒಂದು ರಟ್ಟಿನ ಪೆಟ್ಟಿಗೆ, ಅದರ ಮೇಲೆ ಅವರ ಟಿಫಿನ್ ಡಬ್ಬಿ.

"ಸರ್ವರ್ ಡೌನ್ ಆಹೇ, ಕಾಕಾ. ನಾಳೆ ಬನ್ನಿ" ಎಂದರು ಸಾಹೇಬರು, ಮೊಬೈಲಿನಿಂದ ಕಣ್ಣೆತ್ತದೆ.

ಮುಂಡಪ್ಪ ತಪ್ಪು ಮಾಡಿದ್ದು ಆಗಲೇ. ಇಷ್ಟು ಜನ ನೀರಿಲ್ಲದೆ ನಿಂತದ್ದು ಕಂಡು ಮೂವತ್ತೆಂಟು ವರ್ಷದ ಕೈ ಅವನನ್ನು ಕೇಳದೆಯೇ ಜಗ್ಗಿಗೆ ಹೋಯಿತು. ಬೆರಳ ಸಂದಿಯಲ್ಲಿ ನಾಲ್ಕು ಕಪ್ಪು, ಅಂಗೈಯಲ್ಲಿ ನಾಲ್ಕು, ಸರಸರ ಎಲ್ಲರಿಗೂ ನೀರು ಕೊಟ್ಟು ಮುಗಿಸಿದ ಮೇಲೆಯೇ ಅವನಿಗೆ ಇದು ಹೋಟೆಲಲ್ಲ ಎಂದು ನೆನಪಾದದ್ದು. ಆದರೆ ನೀರು ಇಟ್ಟಾಗಿತ್ತು. ಕಾನೂನು ಕಾನೂನೇ.

ಅವನು ಸಾಲಿನುದ್ದಕ್ಕೂ ಹೋಗಿ ಒಬ್ಬೊಬ್ಬರನ್ನೂ ವಿಚಾರಿಸಿದ. ಮೂವತ್ತೊಂದು ಆರ್ಡರ್ ತಲೆಯಲ್ಲಿಟ್ಟುಕೊಂಡು ನಡುವೆ ನಿಂತ. ಟ್ರಂಕು ತೆರೆಯಿತು.

"ಒಂದು ಚಂಪಾ! ಬೆರಳು ಸವೆದಿದೆ, ಆರನೇ ಸಲ, ಮೂರು ತಿಂಗಳಿಂದ ಅಕ್ಕಿ ಇಲ್ಲ! ಒಂದು ಗಾರೆ ಕೆಲಸದ ಅಜ್ಜ! ಗೆರೆಯನ್ನು ಸಿಮೆಂಟು ತಿಂದಿದೆ, ನಾಲ್ಕನೇ ಸಲ! ಒಂದು ಮೀನು ಮಾರುವ ಮೌಶಿ! ಒಂಬತ್ತನೇ ಸಲ, ಒಂಬತ್ತು ದಿನದ ಮೀನು ಹಾಳು!"

ಮರಾಠಿಯಲ್ಲೇ ಕೂಗಿದ, ಸಾಹೇಬರಿಗೆ ತೊಂದರೆಯಾಗಬಾರದಲ್ಲ. ನಿಂತ ಫ್ಯಾನು ತಿರುಗಿತು. ಕಟ್ಟಡ ಕಟ್ಟಿದ ಮೇಲೆ ಮೊದಲ ಬಾರಿಗೆ ಮೇಲಿನ ಮಾಳಿಗೆಯ ಫೈಲುಗಳು ತಾವಾಗಿ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿದವು. ರಸ್ತೆಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ಇಣುಕಿದರು.

"ಇದು ಸರಕಾರಿ ಕಚೇರಿ, ನಿಮ್ಮ ಹೋಟೆಲ್ ಅಲ್ಲ!" ಸಾಹೇಬರು ಎದ್ದು ನಿಂತರು.

"ಗೊತ್ತುಂಟು ಸಾಹೇಬರೆ. ಹೋಟೆಲಾಗಿದ್ದರೆ ಇಷ್ಟು ಹೊತ್ತಿಗೆ ನಿಮ್ಮನ್ನು ಪಾತ್ರೆ ತೊಳೆಯಲಿಕ್ಕೆ ಹಾಕ್ತಿದ್ದರು. ಆಮೇಲೆ ನಿಮ್ಮ ಬೆರಳಿಗೂ ಕೆಂಪು ದೀಪವೇ."

"ಪೊಲೀಸರನ್ನು ಕರೆಸ್ತೇನೆ!"

"ಒಂದು ಪೊಲೀಸ್! ಬೇಗ!" ಎಂದು ಮುಂಡಪ್ಪ ತಾನೇ ಕೂಗಿದ. ಮೀನಿನ ಮೌಶಿ ನಕ್ಕಳು. ಸಾಹೇಬರು ಕೂತರು.

"ಬೆರಳು ಹೊಂದದಿದ್ದರೆ ನಾನೇನು ಮಾಡಲಿ, ಕಾಕಾ?"

ಸಪ್ಲಾಯರನ ಕಣ್ಣು ಮೇಜಿನ ಮೇಲಿನದನ್ನೆಲ್ಲ ಒಂದೇ ಸಲ ಎಣಿಸುತ್ತದೆ. "ನಿಮ್ಮ ಟಿಫಿನ್ ಕೆಳಗಿನ ಪೆಟ್ಟಿಗೆಯ ಮೇಲೆ ಕಣ್ಣಿನ ಚಿತ್ರ ಉಂಟಲ್ಲ? ಬೆರಳು ಹೊಂದದವರ ಕಣ್ಣು ನೋಡುವ ಮೆಷಿನ್ ಅದು. ಪಾಪ, ಇಷ್ಟು ದಿನ ನಿಮ್ಮ ಊಟ ಮಾತ್ರ ನೋಡಿದೆ."

"ಅದನ್ನು ತೆರೆಯಲು ಮೇಲಿನಿಂದ ಆದೇಶ ಬಂದಿಲ್ಲ."

"ಸರಿ. 'ಪೆಟ್ಟಿಗೆ ಇದೆ, ತೆರೆಯುವುದಿಲ್ಲ, ಅಕ್ಕಿ ಕೊಡುವುದಿಲ್ಲ' ಅಂತ ಬರೆದು ಸಹಿ ಹಾಕಿ. ಮೂವತ್ತೊಂದು ಪ್ರತಿ. ಸಹಿಯಾಗುವವರೆಗೆ ನಾವು ಇಲ್ಲೇ. ನೀರು ಮುಗಿದರೆ ತರ್ತೇನೆ."

ಸರಕಾರಿ ಕಚೇರಿಯಲ್ಲಿ 'ಇಲ್ಲ' ಎಂದು ದಿನಕ್ಕೆ ಸಾವಿರ ಸಲ ಹೇಳುವವರಿದ್ದಾರೆ, ಒಂದು ಸಲ ಬರೆಯುವವರಿಲ್ಲ. ಸಾಹೇಬರು ಪೆನ್ನು ನೋಡಿದರು, ಬಾಗಿಲಲ್ಲಿ ನೆರೆದ ಜನರನ್ನು ನೋಡಿದರು, ಆಮೇಲೆ ಟಿಫಿನ್ ಡಬ್ಬಿಯನ್ನು ಕೆಳಗಿಟ್ಟರು. ಬಿದ್ದಿದ್ದ ಸರ್ವರ್ ಕೂಡ ಮೈ ಕೊಡವಿ ಎದ್ದಿತು.

"ಕಣ್ಣು ಮುಚ್ಚಬೇಡಿ" ಅಂದರು ಚಂಪಾಗೆ.

"ಮೂರು ತಿಂಗಳಿಂದ ಮುಚ್ಚಿಲ್ಲ, ಸಾಹೇಬರೆ."

ಹಸಿರು ದೀಪ ಹತ್ತಿತು. ಚಂಪಾಳ ಹೆಸರು ಕಾರ್ಡಿನಲ್ಲಿ ಉಳಿಯಿತು. ಗುರುವಾರ ಅಂಗಡಿಯಿಂದ ಅಕ್ಕಿಯೂ ಬಂತು. ಆ ಮಂಗಳವಾರ ಸಂಜೆಯೊಳಗೇ ಮೂವತ್ತೊಂದು ಆರ್ಡರೂ ಮುಗಿದಿದ್ದವು, ಒಂದೂ ವಾಪಸಾಗಲಿಲ್ಲ.

ಮುಂದಿನ ಮಂಗಳವಾರ ಚಂಪಾ, ಪಕ್ಕದ ಮೆಸ್ಸಿನಲ್ಲಿ ಬೆಳ್ಳುಳ್ಳಿ ಸುಲಿದು ಬೆರಳು ಸವೆಸಿಕೊಂಡ ಅನಸೂಯಾಳನ್ನು ಕಚೇರಿಗೆ ಎಳೆದುಕೊಂಡು ಬಂದಳು. ಮುಂಡಪ್ಪನೂ ಹಿಂದೆಯೇ ಬಂದ. ಪೆಟ್ಟಿಗೆ ಮತ್ತೆ ಟಿಫಿನ್ ಕೆಳಗೆ ಸೇರಿತ್ತು. ಗೋಡೆಯಲ್ಲಿ ಹೊಸ ಬೋರ್ಡು.

"ಎಂತ ಬರೆದಿದ್ದಾರೆ, ಅಣ್ಣ?"

"ಕಚೇರಿಯಲ್ಲಿ ಕೂಗಬಾರದು, ನೀರು ಹಂಚಬಾರದು ಅಂತ. ಮರಾಠಿಯಲ್ಲಿ."

"ಹೌದಾ? ನನಗೆ ಮರಾಠಿ ಓದಲಿಕ್ಕೆ ಬರುವುದಿಲ್ಲ" ಎಂದು ಚಂಪಾ ಸೀದಾ ಹೋಗಿ ಜಗ್ಗು ಎತ್ತಿದಳು. ಅನಸೂಯಾಳ ಕೈಗೆ ಒಂದು ಕಪ್ಪು ನೀರು ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಚೇರಿಯ ನಡುವೆ ನಿಂತಳು.

"ಒಂದು ಅನಸೂಯಾ!"

ಎರಡನೆಯದು ಕೂಗುವ ಮೊದಲೇ ಸಾಹೇಬರು ಟಿಫಿನ್ ಎತ್ತಿದರು.