ಕಣ್ಣು, ಕಿವಿ, ಕೈಗಳ ಪಾಠ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ಲ್ಯಾಪ್‌ಟಾಪಿನ ಮೂಲೆಯ ಗಡಿಯಾರ. ಎದುರುಮನೆಯ ಪುಟ್ಟ ಹುಡುಗಿಯ ಫೋಟೋವನ್ನು ಕತ್ತರಿಸಿ, ಬಲಗಿವಿಯನ್ನಷ್ಟೇ ಉಳಿಸಿಕೊಂಡು, ಕೆಳಗೆ ಟಿಬೆಟನ್ ಲಿಪಿಯಲ್ಲಿ ಕಿವಿ ಎಂದು ಬರೆದು ತಲೆ ಎತ್ತಿದ್ದೆ. ಹೊರಗೆ ಮೋಟರ್‌ಸೈಕಲ್ ನಿಂತ ಸದ್ದಾಯಿತು. ಹಿಂದೆಯೇ ಒಬ್ಬ ಗಂಡಸಿನ ದನಿ.

"ಯಾರ ಮನಿಗೆ ಬಂದೀಯೋ?"

ಬಂದೀರಿ ಅನ್ನಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ನಮ್ಮ ಅತಿಥಿಗೆ, ಅರವತ್ತು ದಾಟಿದ ಮನುಷ್ಯನಿಗೆ, ಬಂದೀಯೋ ಅಂದ. ಅಲ್ಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಕಿವಿಯ ಫೋಟೋವನ್ನು ಇನ್ನೊಂದಿಷ್ಟು ಸರಿಪಡಿಸುತ್ತ ಕುಳಿತೆ.

ಅಥಣಿಯಲ್ಲಿ ನಮ್ಮದು ಬಾಡಿಗೆ ಮನೆ. ಕೆಳಗೆ ನಾನು, ನನ್ನ ಗಂಡ. ಮೇಲೆ ಮನೆಯ ಒಡತಿ, ಎಂಬತ್ತರ ಹತ್ತಿರದ ಹೆಂಗಸು, ಓಣಿಗೆಲ್ಲ ಮಾವಶಿ, ಎಂದರೆ ಚಿಕ್ಕಮ್ಮ. ಗಂಡ ಒಂದು ಕಚೇರಿಯಲ್ಲಿ ಕ್ಲರ್ಕು. ನಾನು ದಿಗ್ಗೇವಾಡಿ ಕಡೆಯ ಬೌದ್ಧ ಮನೆತನದವಳು. ಬುದ್ಧನ ಎಷ್ಟೋ ಮಾತುಗಳು ಇಲ್ಲಿ ಕಳೆದುಹೋಗಿ ಟಿಬೆಟನ್ ಭಾಷೆಯಲ್ಲಿ ಉಳಿದಿವೆ ಎಂದು ಕಾಲೇಜಿನಲ್ಲಿ ಒಬ್ಬ ಮಾಸ್ತರರು ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಉತ್ತರದ ಕಡೆ ಹೋಗಿ ಆರು ವರ್ಷ ಅದನ್ನೇ ಓದಿದೆ. ಮದುವೆಯಾಗಿ ಅಥಣಿಗೆ ಬಂದ ಮೇಲೆ, ಅಮೆರಿಕದಲ್ಲಿ ಧ್ಯಾನವನ್ನೂ ಪಾಠದ ಭಾಗವಾಗಿಸಿಕೊಂಡ ಒಂದು ವಿಶ್ವವಿದ್ಯಾಲಯದವರು ಆನ್‌ಲೈನಿನಲ್ಲಿ ಮೊದಲ ಹಂತದ ಟಿಬೆಟನ್ ಕಲಿಸಲು ನನ್ನನ್ನು ತೆಗೆದುಕೊಂಡರು. ಅವರಿಗೆ ಸಂಜೆ, ನಮಗೆ ಬೆಳಿಗ್ಗೆ ಆರೂವರೆ. ತರಗತಿ ಶುರುವಾಗುವ ಮುಂಚೆ ಎಲ್ಲರೂ ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು, ಅದು ಅಲ್ಲಿಯ ಪದ್ಧತಿ. ಒಮ್ಮೆ ಹಾಲು ಕೊಡಲು ಬಂದ ಮಾವಶಿ ಅದನ್ನು ನೋಡಿಬಿಟ್ಟಳು.

"ಕಣ್ಣ ಮುಚ್ಚಿ ಕುಂತದ್ದಕ್ಕ ಪಗಾರ ಕೊಡ್ತಾರನ ಬಾಯಿ? ನನಗೂ ಒಂದು ನೌಕರಿ ನೋಡ. ನಾ ಬೇಕಾದ್ರ ಮಧ್ಯಾಹ್ನ ಪೂರ್ತಿ ಮುಚ್ಕೊಂಡ ಇರ್ತೇನಿ."

ನನ್ನ ಜೊತೆ ಪಾಠ ಮಾಡುತ್ತಿದ್ದವರು ಗೆನ್-ಲಾ. ಗೆನ್ ಎಂದರೆ ಗುರು. ನಾವು ಮಾತಿನ ಕೊನೆಗೆ ರಿ ಹಚ್ಚುವ ಹಾಗೆ ಅವರು ಲಾ ಹಚ್ಚುತ್ತಾರೆ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಬೆಳೆದವರು. ಕನ್ನಡ ಚೆನ್ನಾಗಿ ಬರುತ್ತಿತ್ತು. ವ್ಯಾಕರಣ ನನ್ನದು, ಉಚ್ಚಾರ ಅವರದು. ಆ ಬೇಸಿಗೆಯಲ್ಲಿ ಹೊಸ ಪಾಠಗಳನ್ನು ತಯಾರಿಸಲು ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದರು.

ಅವರ ಭಾಷೆಯಲ್ಲಿ ಮೈಯ ಒಂದೊಂದು ಅಂಗಕ್ಕೂ ಎರಡು ಹೆಸರು. ಸಾದಾ ಜನರ ಕಣ್ಣು ಮಿಕ್, ಹಿರಿಯರ ಕಣ್ಣು ಚೆನ್. ಮಗುವಿನ ಕೈಗೆ ಒಂದು ಶಬ್ದ, ಅಜ್ಜಿಯ ಕೈಗೆ ಇನ್ನೊಂದು. ಅಮೆರಿಕದ ವಿದ್ಯಾರ್ಥಿಗಳಿಗೆ ಇದು ತಲೆಗೆ ಹೋಗುತ್ತಿರಲಿಲ್ಲ. ನಾನೇ ಒಂದು ಉಪಾಯ ಹೇಳಿದೆ: ಓಣಿಯ ಮಕ್ಕಳ ಮತ್ತು ಮುದುಕರ ಕಣ್ಣು, ಕಿವಿ, ಕೈಗಳ ಫೋಟೋ ತೆಗೆದು ಅಕ್ಕಪಕ್ಕ ಇಟ್ಟು ತೋರಿಸೋಣ. ಶಾಲೆಗೆ ಸೂಟಿ, ಓಣಿ ತುಂಬ ಮಕ್ಕಳು. ತಾಯಂದಿರನ್ನು ಕೇಳಿದೆ. ನಕ್ಕು ಹೂಂ ಅಂದರು. ಮಾವಶಿಯಂತೂ ಮುಖ ತೊಳೆದು, ಕಿವಿಗೆ ಬುಗುಡಿ ಹಾಕಿಕೊಂಡು ಬಂದಳು.

ಅದೇ ದಿನಗಳಲ್ಲಿ ನಿಪ್ಪಾಣಿಯಿಂದ ಕಾಗವಾಡದವರೆಗೆ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ ತಿರುಗುತ್ತಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ, ಹಿಡಿದೊಯ್ದು ಕಣ್ಣು, ಕಿಡ್ನಿ ಮಾರುತ್ತಾರೆ. ನಾನೂ ಗಂಡನೂ ಓದಿ ನಕ್ಕು ಅಳಿಸಿದ್ದೆವು. ಆ ಸುದ್ದಿಗೂ ನನ್ನ ಪಾಠಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇಷ್ಟು ಓದಿ ಏನು ಬಂತು ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಆ ಮಂಗಳವಾರ ಗಂಡ ಕಚೇರಿಗೆ ಹೋಗಿದ್ದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮೋಟರ್‌ಸೈಕಲ್ಲಿನಲ್ಲಿ ಬಂದ ಇಬ್ಬರು ಹತ್ತು ಜನವಾಗಿದ್ದರು. ಗೆನ್-ಲಾ ಚಹಾದ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದರು.

"ನಾ ಮುಂಡಗೋಡದಾಂವರಿ. ಇಲ್ಲೆ ಟೀಚರ್ ಮನಿಗೆ ಬಂದೇನಿ," ಎಂದರು.

"ಕನ್ನಡಾ ಮಾತಾಡ್ತಾನಲೇ!" ಒಬ್ಬ ಕೂಗಿದ. "ಕಲ್ತ ಬಂದಾನ. ಪಕ್ಕಾ ತಯಾರಿ ಮಾಡ್ಕೊಂಡ ಬಂದಾನ!"

ಇನ್ನೊಬ್ಬ ಫೋನನ್ನು ಅವರ ಮುಖಕ್ಕೆ ಹಿಡಿದ. ಅದರಲ್ಲಿ ಗೆನ್-ಲಾ ಮಂಡಿಯೂರಿ ಎದುರುಮನೆಯ ಹುಡುಗಿಯ ಕಿವಿಯ ಹತ್ತಿರ ಕ್ಯಾಮೆರಾ ಹಿಡಿದಿದ್ದರು. ಮೇಲಿನಿಂದ ತೆಗೆದ ಫೋಟೋ. ಕೆಳಗೆ ಯಾರೋ ಬರೆದಿದ್ದರು: ಅಥಣಿಗೂ ಬಂದಾರ, ಹುಷಾರ್.

ಆಗ ನನ್ನ ಕೈ ಬಾಗಿಲ ಚಿಲಕದ ಮೇಲಿತ್ತು. ಹೊರಗೆ ಹೋಗುವುದೋ, ಒಳಗಿನಿಂದ ಹಾಕಿಕೊಳ್ಳುವುದೋ. ಕೆಲವು ಕ್ಷಣ ನಾನು ನಿರ್ಧರಿಸಿರಲಿಲ್ಲ. ಇದನ್ನು ಎಷ್ಟೋ ದಿನ ಯಾರಿಗೂ ಹೇಳಿರಲಿಲ್ಲ.

ಹೊರಗೇನೋ ಹೋದೆ. ಆದರೆ ಬರಿಗೈಯಲ್ಲಿ ಹೋಗಲಿಲ್ಲ, ಪುರಾವೆ ತೋರಿಸುತ್ತೇನೆಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. "ಇದು ಪಾಠರೀ, ನೋಡ್ರಿ ಬೇಕಾದ್ರ," ಎಂದು ಅವರ ಕಡೆ ತಿರುಗಿಸಿದೆ.

ತೆರೆಯ ಮೇಲೆ ಸಾಲಾಗಿ ಮಕ್ಕಳ ಕಣ್ಣುಗಳು, ಪಕ್ಕದಲ್ಲಿ ಮುದುಕರವು. ಕೆಳಗಿನ ಸಾಲಿನಲ್ಲಿ ಕಿವಿಗಳು. ಅದರ ಕೆಳಗೆ ಕೈಗಳು. ಮುಖವಿಲ್ಲ, ಮೈಯಿಲ್ಲ. ಒಂದೊಂದಕ್ಕೂ ಅರ್ಥವಾಗದ ಲಿಪಿಯಲ್ಲಿ ಚೀಟಿ ಅಂಟಿಸಿದಂತಿತ್ತು.

ಗುಂಪು ಇನ್ನಷ್ಟು ಹತ್ತಿರ ಸರಿಯಿತು. ಎದುರುಮನೆಯ ತಾಯಿ ತನ್ನ ಮಗಳ ಕಿವಿಯನ್ನು ಗುರುತು ಹಿಡಿದು ಚೀರಿದಳು. ನಗುತ್ತ ಒಪ್ಪಿಗೆ ಕೊಟ್ಟವಳೇ ಅವಳು. ಯಾರೋ ಗೆನ್-ಲಾರ ಕೊರಳಪಟ್ಟಿ ಹಿಡಿದು ಎಳೆದರು. ಲೋಟ ಉರುಳಿತು. ಒಂದು ಕಲ್ಲು ಅವರ ಹುಬ್ಬಿಗೆ ಬಡಿಯಿತು. ಅವರು ಕೂಗಲಿಲ್ಲ. ಕನ್ನಡ ಮಾತಾಡಿದರೆ ಮತ್ತೇನಾದೀತೋ ಎಂದು ಬಾಯಿ ಬಿಗಿಹಿಡಿದಿದ್ದರು.

ಆಗ ಮಾವಶಿ ಗುಂಪಿನೊಳಗೆ ನುಗ್ಗಿದಳು.

"ಸರೀರಿ ಲೇ ಭಾಡ್ಯಾಗೋಳ! ನನ್ನ ಕಿವೀದೂ ಫೋಟೋ ಹೊಡಕೊಂಡಾನ. ಎಂಬತ್ತ ವರ್ಷದ ಕಿವುಡ ಕಿವಿ ಇದು. ಇದನ್ನ ಯಾರಿಗೆ ಮಾರ್ತಾನ? ನಿಮ್ಮ ಅಪ್ಪಗ?"

ಹಿಂದೆ ನಿಂತವನೊಬ್ಬ ಪುಸಕ್ಕನೆ ನಕ್ಕ. ಮಾವಶಿ ಲ್ಯಾಪ್‌ಟಾಪಿನತ್ತ ಬೆರಳು ಮಾಡಿ, "ಇಲ್ಲೈತಿ ನೋಡ್ರಿ, ಬುಗುಡಿ ಸುದ್ಧಾ ಐತಿ," ಎಂದಳು. ಇನ್ನೂ ಇಬ್ಬರು ನಕ್ಕರು. ಕೊರಳಪಟ್ಟಿ ಹಿಡಿದ ಕೈ ಸಡಿಲಾಯಿತು. ಅಷ್ಟರಲ್ಲಿ ಯಾರೋ ಕರೆಸಿದ ಪೊಲೀಸರ ಜೀಪು ಬಂದು ಗೆನ್-ಲಾರನ್ನು ಆಸ್ಪತ್ರೆಗೆ ಕರೆದೊಯ್ದಿತು. ಹುಬ್ಬಿಗೆ ನಾಲ್ಕು ಹೊಲಿಗೆ.

ಮರುದಿನ ಚಿಕ್ಕೋಡಿಯವರೆಗೂ ನಾನೂ ಗಂಡನೂ ಅವರ ಜೊತೆಗೆ ಹೋಗಿ ಬಸ್ಸು ಹತ್ತಿಸಿದೆವು. ಕಿಟಕಿಯಿಂದ ಅವರು ನನಗೆ ಹೇಳಿದ್ದು ಇಷ್ಟೇ: "ಮ್ಯಾಲಿಂದ ಆ ಫೋಟೋ ತಗದವರು ನಿಮ್ಮ ಮನಿ ಒಳಗ ಅಡ್ಡಾಡೋರು. ಯಾರಂತ ಗೊತ್ತಾದ್ರ ಹೇಳ್ರಿ. ಅಲ್ಲೀತನಕ ನಿಮ್ಮ ಜೋಡಿ ಪಾಠ ಮಾಡೂದು ನನಗ ಆಗೂದಿಲ್ಲ."

ಮುಂದಿನ ತರಗತಿಗೆ ಅವರ ಚೌಕ ತೆರೆಯ ಮೇಲೆ ಬರಲಿಲ್ಲ. ವಿದ್ಯಾರ್ಥಿಗಳು ಗೆನ್-ಲಾ ಎಲ್ಲಿ ಎಂದು ಕೇಳಿದರು. ಆರೋಗ್ಯ ಸರಿಯಿಲ್ಲ ಎಂದೆ.

ನಾನು ಆ ಫೋಟೋವನ್ನು ಓಣಿಯವರ ಫೋನಿನಿಂದ ತರಿಸಿಕೊಂಡು ದಿನಾ ನೋಡತೊಡಗಿದೆ. ಮೂಲೆಯಲ್ಲಿ ಒಣಹಾಕಿದ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಆ ಸೀರೆ ಮಾವಶಿಯದು, ಹಗ್ಗ ಮಾಳಿಗೆಯದು. ಮಾಳಿಗೆಗೆ ಮೆಟ್ಟಿಲು ಮನೆಯೊಳಗಿನಿಂದಲೇ. ಇನ್ನೊಂದು ಮಾತೂ ಕೊರೆಯುತ್ತಿತ್ತು: ಮಂಡಿ ನೋವಿನ ಮಾವಶಿ ಆವತ್ತು ಅಷ್ಟು ಬೇಗ ಕೆಳಗೆ ಬಂದದ್ದು ಹೇಗೆ? ಆಗಲೇ ಗೊತ್ತಿತ್ತೇ? ತಾನೇ ಹಚ್ಚಿ ತಾನೇ ಆರಿಸಿದಳೇ? ಅವಳು ತಂದ ಹಾಲನ್ನು ಮೋರಿಗೆ ಸುರಿಯುತ್ತಿದ್ದೆ. ಓಣಿಯಲ್ಲಿ ಯಾರ ಫೋನು ಗುಣುಗುಟ್ಟಿದರೂ ಕಿಟಕಿಗೆ ಹೋಗಿ ನೋಡುತ್ತಿದ್ದೆ. ನಾನು ರಾತ್ರಿ ಮೂರು ಸಲ ಎದ್ದು ಚಿಲಕ ನೋಡುತ್ತಿದ್ದೆ. ಪಕ್ಕದಲ್ಲಿ ಗಂಡನೂ ಎಚ್ಚರವಾಗಿಯೇ ಇರುತ್ತಿದ್ದ.

"ಮಾವಶೀನ್ನ ಕೇಳ್ತೇನಿ," ಎಂದಾಗಲೆಲ್ಲ, "ಬಿಡ, ಆಗಿದ್ದ ಆಗಿ ಹೋತು," ಎನ್ನುತ್ತಿದ್ದ. ಬಾಡಿಗೆ ಮನೆ ಕೈತಪ್ಪೀತೆಂದು ಹೆದರುತ್ತಾನೆ ಎಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಒಂದು ರವಿವಾರ ಮೇಲೆ ಹೋಗಿ ಫೋಟೋವನ್ನು ಮಾವಶಿಯ ಮುಂದೆ ಹಿಡಿದೆ. "ಇದು ನಿಮ್ಮ ಸೀರಿ ಹೌದಲ್ಲರಿ? ಆವತ್ತ ಅಷ್ಟ ಲಗೂನ ಕೆಳಗ ಹೆಂಗ ಬಂದ್ರಿ?"

ಅವಳು ಮೊದಲು ಸೀರೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಕೇಳಿದ್ದರ ಅರ್ಥ ನಿಧಾನವಾಗಿ ಮುಖಕ್ಕೆ ಇಳಿಯಿತು. ಗೂಡಿನಿಂದ ತನ್ನ ಫೋನು ತಂದು ನನ್ನ ಕೈಗಿಟ್ಟಳು. ಸುತ್ತ ರಬ್ಬರ್‌ಬ್ಯಾಂಡ್ ಸುತ್ತಿದ ಗುಂಡಿಯ ಫೋನು.

"ಫೋಟೋ ತಗಿಯೋ ಗುಂಡಿ ಎಲ್ಲೈತಿ ತೋರಿಸ ಬಾಯಿ. ಆವತ್ತ ಕಾಯಿಪಲ್ಲೆ ಮಾರಾಕಿ ಬಂದಿದ್ಲು ಅಂತ ಕೆಳಗ ಇಳದಿದ್ನಿ. ಮ್ಯಾಲೇ ಇದ್ರ ಛಲೋ ಆಗ್ತಿತ್ತೇನ?"

ನಾನು ಫೋನು ಹಿಡಿದುಕೊಂಡೇ ತಿರುಗಿದೆ. ನನ್ನ ಹಿಂದೆ ಮೆಟ್ಟಿಲ ಮೇಲೆ ಗಂಡ ನಿಂತಿದ್ದ.

"ನಾ ತಗದದ್ದು," ಎಂದ.

ಮಾಳಿಗೆಯಲ್ಲಿ ಟವೆಲ್ ಒಣಹಾಕಲು ಹೋದಾಗ ಕೆಳಗಿನದನ್ನು ನೋಡಿ ಚೆಂದ ಕಂಡಿತಂತೆ. ಕಚೇರಿಯ ಗ್ರೂಪಿಗೆ ಹಾಕಿದನಂತೆ, ನಮ್ಮ ಮನೆಗೆ ಬಂದ ಗುರುಗಳು ಎಂದು ಬರೆದು. ಅಲ್ಲಿಂದ ಯಾರ ಕೈಗೆ ಹೋಯಿತೋ, ಅವನ ಮಾತು ಕಳಚಿಬಿದ್ದು ಬೇರೆ ಮಾತು ಅಂಟಿಕೊಂಡಿತ್ತು. ಆವತ್ತು ಸಂಜೆ ಪೊಲೀಸರು ಆ ಫೋಟೋ ತೋರಿಸಿದಾಗಲೇ ಅವನಿಗೆ ತಿಳಿದಿತ್ತು. ಇಷ್ಟು ತಿಂಗಳು ನಾನು ಮಾವಶಿಯನ್ನು ಸಂಶಯಿಸುವುದನ್ನು ನೋಡುತ್ತ ಸುಮ್ಮನಿದ್ದ.

ಮಾವಶಿ ನಮ್ಮಿಬ್ಬರನ್ನೂ ನೋಡಿ, "ಇಬ್ರೂ ಕೆಳಗ ಹೋಗ್ರಿ. ನನಗ ಈಗ ನಿಮ್ಮ ಮಾರಿ ನೋಡಾಕ ಆಗೂದಿಲ್ಲ," ಎಂದಳು. ಅದರಲ್ಲಿ ತಪ್ಪೇನಿರಲಿಲ್ಲ.

ಮರುದಿನವೇ ಮುಂಡಗೋಡಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಗಂಡನ ಜೊತೆ ಮಾತಾಡಲಿಲ್ಲ. ಗೆನ್-ಲಾರ ಹುಬ್ಬಿನ ಮೇಲೆ ಬಿಳಿ ಗೆರೆ ಉಳಿದಿತ್ತು. ಗಂಡ ನಿಂತುಕೊಂಡೇ ಎಲ್ಲ ಹೇಳಿದ, ತನ್ನ ಫೋನಿನಲ್ಲಿದ್ದ ಮೂಲ ಫೋಟೋ ತೋರಿಸಿದ. ನಾನು ಚಿಲಕದ ಮಾತನ್ನೂ ಹೇಳಿದೆ.

ಗೆನ್-ಲಾ ಬಹಳ ಹೊತ್ತು ಫೋಟೋ ನೋಡಿದರು. "ನಾ ಆ ಮುದುಕೀನ ತಗದಾಳ ಅಂತ ತಿಳ್ಕೊಂಡಿದ್ನಿ," ಎಂದರು. "ನನ್ನ ಜೀವಾ ಉಳಿಸಿದಾಕಿ. ದಿನಾ ಆಕೀನ್ನ ಬೈಕೋತ ಇದ್ನಿ." ಕಣ್ಣು ಒರೆಸಿಕೊಂಡು ಗಂಡನಿಗೆ ಕೂರಲು ಹೇಳಿದರು. ಅಥಣಿಗೆ ಇನ್ನು ಬರುವುದಿಲ್ಲ, ಅದು ತನ್ನಿಂದಾಗದು ಎಂದರು. ಆದರೆ ಬುಧವಾರದ ತರಗತಿಗೆ ತೆರೆಯ ಮೇಲೆ ಇರುತ್ತೇನೆ, ಆ ಪಾಠವನ್ನೇ ಮೊದಲಿನಿಂದ ಮಾಡೋಣ, ಫೋಟೋ ಬೇಡ, ನನ್ನ ಕೈ, ನಿಮ್ಮ ಕೈ ತೋರಿಸಿದರೆ ಸಾಕು ಎಂದರು.

ಹೊತ್ತಾಗಿತ್ತು, ಅಲ್ಲೇ ಉಳಿದೆವು. ನೆಲದ ಮೇಲೆ ಎರಡು ಹಾಸಿಗೆ. ಬಾಗಿಲಿಗೆ ಚಿಲಕವಿತ್ತೋ ಇಲ್ಲವೋ, ನಾನು ನೋಡಲಿಲ್ಲ. ಬೆಳಿಗ್ಗೆ ಗೆನ್-ಲಾ ಚಹಾ ಹಿಡಿದು ಬಂದು ಎಷ್ಟೋ ಸಲ ಬಾಗಿಲು ತಟ್ಟಿದರಂತೆ. ನಮಗಿಬ್ಬರಿಗೂ ಎಚ್ಚರವಾಗಲಿಲ್ಲ.