ನಾಲಿಗೆಯಿಂದ ಮಣ್ಣು ನೋಡುತ್ತಿದ್ದ ಅಪ್ಪ

ಈ ಬೇಸಿಗೆಯಲ್ಲಿ ಕೊಟ್ಟೂರಿನ ನನ್ನ ಗಂಡನ ಹಳೆಯ ಮನೆಯ ಮಾಳಿಗೆ ಕೆಡವಿಸಿದೆವು. ಆಳುಗಳು ಮೇಲೆ ಹತ್ತಿ ಗುದ್ದಲಿ ಹಾಕುತ್ತಿದ್ದಂತೆ ಪಡಸಾಲೆಯ ತುಂಬ ಮಣ್ಣಿನ ವಾಸನೆ ಇಳಿಯಿತು. ಮಳೆ ಬಿದ್ದ ನೆಲದ ಘಮವಲ್ಲ ಅದು. ಸ್ವಲ್ಪ ಉಪ್ಪು, ಸ್ವಲ್ಪ ಸೋಡಾ, ಹಳೆಯ ಬೇವಿನ ತೊಲೆಯ ಒಗರು... ಪಾತ್ರೆ ಹೊರಗೆ ಸಾಗಿಸುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ಅಪ್ಪ ಕೆಲಸ ಮುಗಿಸಿ ಬಂದರೆ ಅವನ ಅಂಗಿ ಹೀಗೇ ನಾರುತ್ತಿತ್ತು.

ಮಾಳಿಗೆಗೆ, ಅಂದರೆ ಮನೆಯ ಚಾವಣಿಗೆ, ಮಣ್ಣು ಹಾಕುವುದು ಅಪ್ಪನ ಕೆಲಸ. ಹಂಪಸಾಗರದ ಸುತ್ತಿನ ನನ್ನ ತವರಿನ ಹಳ್ಳಿಗಳಲ್ಲಿ ಆಗ ಹೆಚ್ಚಿನವು ಮಣ್ಣಿನ ಮಾಳಿಗೆಗಳೇ. ತೊಲೆ, ಜಂತಿ, ಅವುಗಳ ಮೇಲೆ ಉಪ್ಪುಪ್ಪಾದ ಸವಳು ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಹರಡಿ ಬಡಿಯಬೇಕು. ಬಡಿಯುವುದನ್ನು ಯಾರಾದರೂ ಬಡಿದಾರು, ನೀರು ಬಿಡದ ಮಣ್ಣು ಯಾವುದೆಂದು ಹೇಳುವವರು ಬೇಕಲ್ಲ! ಅಪ್ಪ ಹಳ್ಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಸವಳು ಸಾಲದಿದ್ದರೆ ಉಗುಳಿ ಮುಂದಿನ ಗುಂಡಿಗೆ ಹೋಗುತ್ತಿದ್ದ. ಸರಿಯಿದ್ದರೆ ಗಾಡಿಯವನಿಗೆ ಕೈ ಮಾಡುತ್ತಿದ್ದ. ಓದು ಬರಹ ಅಷ್ಟಕ್ಕಷ್ಟೇ, ಆದರೆ ಅಪ್ಪ ಒಪ್ಪಿದ ಮಣ್ಣನ್ನು ಮತ್ತೊಬ್ಬರು ಕೆದಕಿ ನೋಡಿದ್ದನ್ನು ನಾನು ಕಂಡಿಲ್ಲ.

ಆ ನಾಲಿಗೆಯ ಸಲುವಾಗಿ ಮನೆಯಲ್ಲಿ ಒಂದು ವ್ರತವೇ ನಡೆಯುತ್ತಿತ್ತು. ಯುಗಾದಿ ಕಳೆಯಿತೆಂದರೆ, ಮಣ್ಣಿನ ಕೆಲಸ ಮುಗಿಯುವತನಕ ಅಪ್ಪ ಎಲೆಅಡಿಕೆ ಮುಟ್ಟುತ್ತಿರಲಿಲ್ಲ, ಖಾರ ತಿನ್ನುತ್ತಿರಲಿಲ್ಲ. ರೊಟ್ಟಿ, ಸಪ್ಪನೆಯ ಬೇಳೆ, ಮಜ್ಜಿಗೆ. "ನನಗೊಬ್ಬಾಕಿಗೆ ಬ್ಯಾರೆ ಯಾಕ ಮಾಡ್ಕೊಳ್ಲಿ?" ಎಂದು ಅವ್ವನೂ ಅದನ್ನೇ ಉಣ್ಣುತ್ತಿದ್ದಳು. ನಾನು ಮಾತ್ರ ಪಕ್ಕದ ಮನೆಗೆ ಹೋಗಿ ಕೆಂಪು ಖಾರ ಹಚ್ಚಿದ ರೊಟ್ಟಿ ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಅಂಥ ಪತಿವ್ರತೆ ನಾನಲ್ಲ ಎಂದು ಆಗಲೇ ಗೊತ್ತಾಗಿತ್ತು.

ನನ್ನ ಮದುವೆ ಬಂದದ್ದೂ ಅಂಥ ವ್ರತದ ದಿನಗಳಲ್ಲೇ. ಬೀಗರು ಕೊಟ್ಟೂರಿನವರು. ಊಟವಾದ ಮೇಲೆ ಅವರ ಕಡೆಯವರೆಲ್ಲ ಸುತ್ತ ಕೂತು ಅಪ್ಪನ ಕೈಗೆ ಮಡಚಿದ ಎಲೆ ಕೊಟ್ಟರು. ಹೆಣ್ಣು ಕೊಟ್ಟವನು ಬೀಗರ ಎಲೆಯನ್ನು ಬೇಡವೆನ್ನುವಂತಿಲ್ಲ. ತಮಾಷೆಗೆಂದು ಯಾರೋ ಅದಕ್ಕೆ ಸುಣ್ಣ ದಪ್ಪಗೆ ಬಳಿದಿಟ್ಟಿದ್ದರು. ಅಪ್ಪ ನಗುನಗುತ್ತಲೇ ಜಗಿದ, ಸಂಜೆಯ ಹೊತ್ತಿಗೆ ನಾಲಿಗೆ ಬೆಂದು ಬೊಬ್ಬೆಯೆದ್ದಿತ್ತು. ಬೀಗರ ಮಾಳಿಗೆಗೆ ನಾನೇ ಮಣ್ಣು ಹಾಕಿಕೊಡುತ್ತೇನೆ, ಅದೇ ನನ್ನ ಉಡುಗೊರೆ ಎಂದು ಅಷ್ಟರಲ್ಲಿ ಎಲ್ಲರೆದುರು ಹೇಳಿಯೂ ಆಗಿತ್ತು.

"ಎಂಟು ದಿನ ತಡೀರಿ, ನಾಲಿಗಿ ಮಾಯ್ಲಿ," ಎಂದು ಅವ್ವ ಬೇಡಿಕೊಂಡಳಂತೆ. ಮಳೆ ಹತ್ತಿರ ಬಂದಿದೆ, ಮಾತು ಕೊಟ್ಟಿದ್ದೇನೆ ಎಂದು ಅಪ್ಪ ಕೊಟ್ಟೂರಿನ ಹೊರಗಿನ ಹಳ್ಳದಲ್ಲಿ ಬೆಂದ ನಾಲಿಗೆಯಲ್ಲೇ ಮಣ್ಣು ನೋಡಿ, ಗಾಡಿ ತುಂಬಿಸಿ, ಮಾಳಿಗೆ ಮುಗಿಸಿ ಊರಿಗೆ ಹೋದ.

ಮೊದಲ ಮಳೆಗೇ ಮಾಳಿಗೆ ಸೋರಿತು. ನಾನು ಹತ್ತು ದಿನದ ಸೊಸೆ. ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಕೊನೆಗೆ ದೇವರ ಜಗಲಿಯ ಮೇಲೂ ನೀರು. ಅತ್ತೆ ಒಂದು ಮಾತೂ ಆಡದೆ ಕೊಳಗ, ಪರಾತ ತಂದು ತಂದು ಇಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಬೀಗ್ರು ಚಲೋ ಉಡುಗೊರಿ ಕೊಟ್ಟಾರ ಬಿಡ್ರಿ," ಎಂದಳು. ಆ ಮನೆಯಲ್ಲಿ ನಾನು ಇನ್ನು ತಲೆಯೆತ್ತುವುದು ಹೇಗೆ?

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅಪ್ಪ ಬಂದ. ಮಣ್ಣು ಹಾಕಿದ ಮನೆಗಳನ್ನು ಮೊದಲ ಮಳೆಯಾದ ಮೇಲೆ ಹೋಗಿ ನೋಡುವುದು ಅವನ ಪದ್ಧತಿ. ನಾನು ಓಡಿಹೋಗಿ ಕಟ್ಟೆಯ ಹತ್ತಿರವೇ ತಡೆದೆ. "ಸೋರಿಲ್ಲಪ್ಪ, ಚಲೋ ಐತಿ. ನೀ ಊರಿಗೆ ಹೋಗು."

ಅಪ್ಪ ನನ್ನ ಹಿಂದೆ ಒಣಹಾಕಿದ್ದ ಕೌದಿಗಳನ್ನು ನೋಡಿದ. ಒಳಗೆ ಹೋಗಿ, ಎಲ್ಲ ಕೋಣೆ ನೋಡಿ ಬಂದು, ಬೀಗರೂ ಓಣಿಯವರೂ ಕೂಡಿದ್ದ ಪಡಸಾಲೆಯಲ್ಲಿ ಕೈಮುಗಿದು ನಿಂತ. "ಬೀಗ್ರ, ಮಣ್ಣು ನೋಡಿದ್ರಾಗ ನಂದ ತಪ್ಪಾತು. ನಾನ ಇಳಸ್ತೀನಿ, ನಾನ ಏರಸ್ತೀನಿ."

ಸುಣ್ಣದ ಮಾತು ಎತ್ತಲಿಲ್ಲ. ಒಂದು ಮಾತು ಎತ್ತಿದ್ದರೆ ತಪ್ಪು ಅವರ ಕಡೆಗೆ ಹೋಗುತ್ತಿತ್ತು, ಆಮೇಲೆ ಆ ಮನೆಯಲ್ಲಿ ಬಾಳಬೇಕಾದವಳು ನಾನು. ಇಷ್ಟು ತಿಳಿಯುವ ವಯಸ್ಸು ಆಗ ನನಗಿರಲಿಲ್ಲ. ಓಣಿಯ ಮುಂದೆ ಮಾನ ಕಳೆದ ಎಂದು ಸಿಟ್ಟಾಗಿ ಅಡುಗೆಮನೆ ಸೇರಿದೆ. ಅಪ್ಪನಿಗೆ ನೀರು ಕೊಡಲೂ ಹೊರಗೆ ಬರಲಿಲ್ಲ.

ಮರುದಿನ ಅಪ್ಪ ಅವ್ವನನ್ನು ಕರೆತಂದ. ಹಳ್ಳದಲ್ಲಿ ಗಾಡಿಯವರೆಲ್ಲರ ಮುಂದೆ, "ನನ್ನ ನಾಲಿಗಿ ಇನ್ನಾ ಸುದ್ದ ಇಲ್ಲ. ನೀ ನೋಡಲೇ," ಎಂದ. ಗಂಡಸರು ಮುಸಿಮುಸಿ ನಕ್ಕರಂತೆ. ಅಷ್ಟು ವರ್ಷ ಗಂಡನ ಜೊತೆ ಸಪ್ಪೆ ಉಂಡ ಅವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಮೂರು ಗುಂಡಿಯ ಮಣ್ಣು ಉಗುಳಿದಳು. ನಾಲ್ಕನೆಯದಕ್ಕೆ ಹೂಂ ಎಂದಳು. ಅಪ್ಪ ತಾನು ಮುಟ್ಟಿಯೂ ನೋಡದೆ ಗಾಡಿಗೆ ಕೈ ಮಾಡಿದ. ಮೂರು ದಿನ ಇಬ್ಬರೂ ಸೇರಿ ಹಳೆಯದನ್ನು ಇಳಿಸಿ ಹೊಸದನ್ನು ಬಡಿದರು. ಆ ಮಾಳಿಗೆ ಮತ್ತೆ ಸೋರಲಿಲ್ಲ. ಅಲ್ಲಿಂದಾಚೆಗೆ ಯಾರು ಹೊಗಳಿದರೂ ಅಪ್ಪ, "ನಮ್ಮಾಕಿ ನೋಡಿದ ಮಣ್ಣು ಅದು," ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಅಜ್ಜನಾದ ಮೇಲೂ ಚಾಳಿ ಬಿಡಲಿಲ್ಲ. ನನ್ನ ಮಗಳು ಅಂಗಳದಲ್ಲಿ ಮಣ್ಣು ಮುಕ್ಕಿದಾಗ ನಾನು ಕೈಯೆತ್ತಿಕೊಂಡು ಹೋದರೆ, ಅವನು ಅಡ್ಡ ಬಂದು, "ತಡಿಯವ್ವ, ಹೆಂಗೈತಿ ಕೇಳೋಣು," ಎಂದಿದ್ದ. ಆಕೆ ಈಗ ಹಡಗಲಿಯಲ್ಲಿ ನರ್ಸು. ಅಜ್ಜನ ಮಾತು ಬಂದರೆ ಇವತ್ತಿಗೂ ಇದನ್ನೇ ಹೇಳಿ ನಗುತ್ತಾಳೆ, ಆಮೇಲೆ ಅಳುತ್ತಾಳೆ.

ಅಪ್ಪ ತೀರಿಹೋಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಈಗ ಮಾಳಿಗೆ ಕೆಡವುತ್ತಿದ್ದಾಗ ಅತ್ತೆ ಎದುರು ಮನೆಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮದವ್ಯಾಗ ಎಲಿಗೆ ಸುಣ್ಣ ಬಳದಾಕಿ ನಾನ. ನಿಮ್ಮಪ್ಪಗ ಗೊತ್ತಿತ್ತು, ನನ್ನ ಕಡಿ ನೋಡಿ ನಕ್ಕೊಂತ ಜಗದಿದ್ದ. ಆಮ್ಯಾಲೆ ತನ್ನದ ತಪ್ಪು ಅಂತ ನಿಂತ. ನಾ ಸುಮ್ನಿದ್ದೆ... ಅಂಥ ಮನಿಶ್ಯಾನ್ನ ನಾ ಮತ್ತ ನೋಡ್ಲಿಲ್ಲವ್ವ."

ಸಂಜೆ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಹೋದ ವರ್ಷ ಹೇಳಿದ್ರ ಆತ ಕೇಳ್ತಿದ್ದ," ಎಂದಳು.

ಅದು ಅತ್ತೆಗೆ ಅಂದ ಮಾತು. ಆದರೆ ನಾನೂ ಹೇಳಿರಲಿಲ್ಲ. ಅಪ್ಪ, ಅವತ್ತು ನೀನು ಮಾಡಿದ್ದು ದೊಡ್ಡದು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅಂದಿರಲಿಲ್ಲ. ಅವನು ಬಡಿದ ಮಣ್ಣಿನ ಕೆಳಗೇ ಬೆಚ್ಚಗೆ ಮಲಗಿದ್ದೆ, ಅಷ್ಟೇ.