ದ್ರಾವಣದ ಚೀಲಗಳಲ್ಲಿ ಬೆಳೆದ ಗಿಡಗಳು

ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಡಯಾಲಿಸಿಸ್‌ಗೆಂದು ವಾರವಾರವೂ ಅರಕಲಗೂಡಿನಿಂದ ಹಾಸನಕ್ಕೆ ಕರೆದೊಯ್ಯುತ್ತಿದ್ದೆವು. ಬಸ್ಸಿನ ಕುಲುಕಾಟಕ್ಕೇ ಅವರು ಅರ್ಧ ಸೋತುಹೋಗುತ್ತಿದ್ದರು. ಕೊನೆಗೆ ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ದಾರಿ ತೋರಿಸಿದರು. ಹೊಟ್ಟೆಗೆ ಅಳವಡಿಸಿದ ಕೊಳವೆಯ ಮೂಲಕ ಚೀಲದ ದ್ರಾವಣವನ್ನು ಒಳಗೆ ಬಿಡುವುದು, ಕೆಲವು ಗಂಟೆಗಳಾದ ಮೇಲೆ ಇನ್ನೊಂದು ಚೀಲಕ್ಕೆ ಹೊರತೆಗೆಯುವುದು. ಒಂದು ದಿನವೂ ಬಿಡುವಂತಿಲ್ಲ. ಆ ಕೆಲಸವನ್ನು ನಾನು ಕಲಿತೆ.

ನಡುಮನೆಯಲ್ಲಿ ದ್ರಾವಣದ ಪೆಟ್ಟಿಗೆಗಳು ಬಂದು ಕೂತವು. ಹೊಟ್ಟೆಯಿಂದ ಹೊರಬಂದ ನೀರಿನ ಚೀಲವನ್ನು ಆಸ್ಪತ್ರೆಯವರು ಹೇಳಿದ ಹಾಗೆ ಬೇರೆ ಕಟ್ಟಿಡುತ್ತಿದ್ದೆ. ದ್ರಾವಣ ಬರುತ್ತಿದ್ದ ಚೀಲ ಮಾತ್ರ ಖಾಲಿಯಾದ ಮೇಲೂ ಹೊಸದರಂತಿರುತ್ತಿತ್ತು. ಅದನ್ನೂ ಎಸೆಯಲು ಹೊರಟಾಗ ಅತ್ತೆ ತಡೆದರು.

"ಇಷ್ಟು ಗಟ್ಟಿ ಚೀಲ ಬಿಸಾಕಕ್ಕೆ ಮನ್ಸಾದ್ರೂ ಎಂಗ್ ಬತ್ತದವ್ವಾ? ಕತ್ರಿ ಕೊಡಿಲ್ಲಿ."

ಹಳೇಕೋಟೆಯ ಬೇಸಾಯದ ಮನೆಯಲ್ಲಿ ಬೆಳೆದವರು. ಗೊಬ್ಬರದ ಚೀಲಗಳನ್ನು ತೊಳೆದು, ಬಿಚ್ಚಿ, ಹೊಲಿದು ರಾಗಿ ಒಣಗಿಸುವ ಹಾಸು ಮಾಡಿದ ಕೈ ಅದು. ಚೀಲದ ಬಾಯಿ ಕತ್ತರಿಸಿ, ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ ಮೆಣಸಿನಕಾಯಿ, ಕರಿಬೇವು, ಪರಂಗಿ ಸಸಿ ಹಾಕಿದರು. ಹಿತ್ತಲ ಗೋಡೆಯ ಉದ್ದಕ್ಕೂ ಚೀಲಗಳು ಸಾಲಾದವು. ತಾವು ಲೋಟದಲ್ಲಿ ಅಳೆದು ನೀರು ಕುಡಿಯಬೇಕಾಗಿದ್ದ ದಿನಗಳಲ್ಲಿ ಗಿಡಗಳಿಗೆ ಮಾತ್ರ ಧಾರಾಳವಾಗಿ ಹಾಕಿಸುತ್ತಿದ್ದರು.

"ಮಣ್ಣು ಮುಟ್ಬೇಡ ಕಣವ್ವ. ಕೊಳವೆ ಜಾಗಕ್ಕೆ ನಂಜಾದ್ರೆ ಕಷ್ಟ ಅಂತ ಡಾಕ್ಟ್ರು ಯೋಳವ್ರೆ," ಎಂದು ನಮ್ಮ ಯಜಮಾನರು ಬೇಡಿಕೊಂಡರು.

"ಕೈ ತೊಳ್ಕೊತೀನಿ ಬುಡು. ಸುಮ್ನೆ ಮಂಚದ ಮೇಲೆ ಬಿದ್ಕೊಂಡಿರಕ್ಕೆ ನನ್ ಕೈಲಾಗಕಿಲ್ಲ."

ಒಂದು ಸಲ ಪಕ್ಕದ ಮನೆಯಾಕೆಗೆ ಕರಿಬೇವಿನ ಸಸಿ ಕೊಟ್ಟರು. ಆಕೆ ನಗುತ್ತಲೇ ಇಸಿದುಕೊಂಡಳು. ಮಾರನೇ ಬೆಳಿಗ್ಗೆ ಕಸದ ಗಾಡಿ ಬಂದಾಗ ಆ ಸಸಿಯನ್ನು ಚೀಲದ ಸಮೇತ ಅದಕ್ಕೆ ಹಾಕಿದ್ದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು ಕೂತರು.

"ಕಾಯ್ಲೆಯೋರ ಮನೇದು ಅಂತ ಭಯ ಆಯ್ತದೆ ಜನಕ್ಕೆ," ಅಂದರು. ಆಮೇಲೆ ಯಾರಿಗೂ ಕೊಡಲಿಲ್ಲ. ನೆಡುವುದನ್ನು ಮಾತ್ರ ಬಿಡಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಹೊಟ್ಟೆಯಿಂದ ಬಂದ ನೀರು ಮಬ್ಬಾಗಿತ್ತು. ಜ್ವರ, ನೋವು. ಹಾಸನಕ್ಕೆ ಕರೆದೊಯ್ದೆವು. ನಂಜು ಒಳಗೆಲ್ಲ ಹರಡಿತ್ತು. ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ ಅಂದರು ಡಾಕ್ಟರು. ಅತ್ತೆ ಮನೆಗೆ ಮರಳಲಿಲ್ಲ.

ಯಜಮಾನರು ಹಿತ್ತಲಿಗೆ ಹೋಗುವುದನ್ನೇ ಬಿಟ್ಟರು. ಆ ಮಣ್ಣಿನಿಂದಲೇ ನಂಜಾಯಿತೆಂದು ಅವರ ಮನಸ್ಸಿನಲ್ಲಿರುವುದು ನನಗೆ ಗೊತ್ತಿತ್ತು. ನಾನು ನೀರು ಹಾಕಿದರೂ ಬಿಸಿಲಿಗೆ ಕೆಲವು ಗಿಡ ಸುಟ್ಟುಹೋದವು.

ದ್ರಾವಣದ ಒಡೆಯದ ಪೆಟ್ಟಿಗೆಗಳು ಇನ್ನೂ ಉಳಿದಿದ್ದವು. ಆಸ್ಪತ್ರೆಯ ನರ್ಸ್, ಚನ್ನರಾಯಪಟ್ಟಣದಲ್ಲಿ ಇದೇ ಚಿಕಿತ್ಸೆಯಲ್ಲಿರುವ ಒಬ್ಬರಿಗೆ ಅವು ಆಗುತ್ತವೆ ಎಂದರು. ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಹೋದೆವು. ನಡುವಯಸ್ಸಿನ ಆ ಮನುಷ್ಯ ಮಂಚದಿಂದ ಎದ್ದು ಗೋಡೆ ಹಿಡಿದು ನಿಂತರು. ಪೆಟ್ಟಿಗೆಗಳನ್ನು ನೋಡಿ ಅವರ ಮುಖ ಅರಳಿತು.

"ನಿಮ್ ತಾಯಿಗೆ ಇನ್ ಬ್ಯಾಡ್ವಾ ಸಾ? ವಾಸಿ ಆಯ್ತಾ?"

ಯಜಮಾನರು ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟು, "ಈಗ ಬೇಕಾಗಿಲ್ಲ," ಅಂದರು.

"ನೋಡ್ದಾ, ವಾಸಿ ಆಯ್ತದೆ ಅಂತ ನಾನ್ ಯೋಳ್ತಿರ್ಲಿಲ್ವಾ?" ಎಂದು ಆ ಮನುಷ್ಯ ತಮ್ಮ ಹೆಂಡತಿಯ ಕಡೆ ತಿರುಗಿದರು. ಆಕೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. "ಊಂ, ಯೋಳ್ತಿದ್ರಿ," ಎಂದು ಟೀ ತರಲು ಒಳಗೆ ಹೋದಳು.

ವಾಪಸು ಬರುವಾಗ ಹೊಳೆನರಸೀಪುರ ದಾಟಿದೆವು. ಯಜಮಾನರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ನಿಜ ಯೋಳ್ಬೇಕಿತ್ತಾ?" ಅಂದರು.

ಅವರ ಕೈಮೇಲೆ ಕೈ ಇಟ್ಟೆ.